ಮಸಗುಪ್ಪಿಯಿಂದ ಬಂದ ಬುತ್ತಿ

ಹಂಚಿನಿಂದ ನೇರ ತಾಟಿಗೆ ಬಿದ್ದ ರೊಟ್ಟಿಗಿಂತ, ಅರಿವೆಯಲ್ಲಿ ಕಟ್ಟಿಸಿಕೊಂಡು ನಾಲ್ಕು ಊರು ದಾಟಿ ಬಂದ ರೊಟ್ಟಿಗೇ ರುಚಿ ಹೆಚ್ಚೆಂಬುದು ನನ್ನ ಬಹುಕಾಲದ ಸಿದ್ಧಾಂತ; ಅದನ್ನು ಹೆಂಡತಿಯೆದುರು ಮಂಡಿಸುವ ಧೈರ್ಯ ಮಾತ್ರ ಬಂದಿರಲಿಲ್ಲ. ಬುತ್ತಿಯಲ್ಲೂ ಬಗೆಗಳಿವೆ ನೋಡಿ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ನಮ್ಮ ಕಡೆ ಬೀಗರು ರೊಟ್ಟಿ, ಕಡಲೆಹಿಟ್ಟಿನ ಝುಣಕ ಕಟ್ಟಿಕೊಂಡು ಬರುತ್ತಾರೆ. ಅದರಲ್ಲಿ ಸಿಹಿ ಇರುವುದಿಲ್ಲ.

ಕಳೆದ ವರ್ಷ ನನ್ನ ಹೆಂಡತಿ ಮಾಳವ್ವನ ಮಿದುಳಿನ ಗಡ್ಡೆಯನ್ನು ಬೆಳಗಾವಿಯಲ್ಲಿ ತೆಗೆದರು. ಆ ಗಡ್ಡೆಯ ವಂಶವಾಹಿಗಳಲ್ಲಿ ಯಾವ ಗುರುತುಗಳಿವೆ ಎಂಬುದರ ಮೇಲೆ ಅವಳ ಮುಂದಿನ ದಿನಗಳು ನಿಂತಿವೆ ಎಂದರು. ವರದಿ ಬಂದ ದಿನ, ಮಾಳವ್ವನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ವೈದ್ಯರು ಕರೆಯುವ ಮೊದಲೇ ಹೊರಗೆ ನಿಂತು ನಾನದನ್ನು ಓದಿದೆ. ಗೋಕಾಕದಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದ ಪಂಡಿತನಿಗೆ ಅರ್ಥವಾಗದ ಕಾಗದವುಂಟೆ? ಒಂದು ವಂಶವಾಹಿಯೇ ಬದಲಾಗಿದೆ ಎಂದಿತ್ತು. ಕೆಟ್ಟ ಗಡ್ಡೆ, ಅದರೊಳಗೆ ಮತ್ತೊಂದು ಕೇಡು! ಮಸಗುಪ್ಪಿಗೆ, ಅವಳ ಅಣ್ಣ ಸಿದ್ದಪ್ಪನಿಗೆ ಫೋನು ಹಚ್ಚಿ, "ಎಲ್ಲಾ ಮುಗೀತೋ ಮಾರಾಯಾ" ಎಂದೆ. ವಿವರ ಹೇಳುವಷ್ಟರಲ್ಲಿ ಫೋನಿನ ಬ್ಯಾಟರಿಯೂ ನನ್ನ ಧೈರ್ಯದ ಜೊತೆಗೇ ಖಾಲಿಯಾಯಿತು.

ಒಳಗೆ ವೈದ್ಯರು ನಗುತ್ತಿದ್ದರು. "ಈ ಬದಲಾವಣಿ ಇರ್ಲಿ ಅಂತನ ನಾವೂ ಬೇಡ್ಕೊಳ್ಳಾಕತ್ತಿದ್ವಿರಿ ಸರ್. ಇಂಥಾ ಗಡ್ಡಿ ನಿಧಾನ ಬೆಳಿತೈತಿ, ಔಷಧಕ್ಕ ಬಗ್ಗತೈತಿ. ಪೂರಾ ಗ್ಯಾರಂಟಿ ಕೊಡಾಕ ಆಗೂದಿಲ್ಲ, ಆದ್ರ ಆಸೆ ಬಿಡಬ್ಯಾಡ್ರಿ."

ಆ ಸಂತೋಷದಲ್ಲಿ ಸಿದ್ದಪ್ಪನನ್ನು ಮರೆತೇಬಿಟ್ಟೆ. ಸಂಜೆ ಗೋಕಾಕದ ಮನೆಮುಂದೆ ಇಳಿದರೆ, ಕಟ್ಟೆಯ ತುಂಬ ಮಸಗುಪ್ಪಿಯ ಜನ, ಬುತ್ತಿಯ ಗಂಟುಗಳು. ಆಗತಾನೇ ಅಳಲು ತೊಡಗಿದ್ದ ಸಿದ್ದಪ್ಪನ ಹೆಂಡತಿ, ಕಾರಿನಿಂದ ಇಳಿದ ಮಾಳವ್ವನನ್ನು ಕಂಡು ಬಾಯಿ ತೆರೆದುಕೊಂಡೇ ನಿಂತಳು.

"ಯಾರ ಹ್ವಾದ್ರವಾ?" ಎಂದಳು ಮಾಳವ್ವ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಳಿಗೆ ತಿಳಿಯಿತು. ಹೊಲಿಗೆ ಹಾಕಿದ ತಲೆಯನ್ನು ಹಿಡಿದುಕೊಂಡು ನಕ್ಕಳು, ಅಲ್ಲೇ ಕುಳಿತು ಗಂಟು ಬಿಚ್ಚಿದಳು. "ನನ್ನ ಸಾವಿನ ಬುತ್ತಿ ನಾನ ಉಣ್ಣಾಕತ್ತೇನಿ! ಝುಣಕಕ್ಕ ಉಪ್ಪು ಕಡಿಮಿ ಆಗೇತಿ ನೋಡ ವೈನಿ," ಎಂದಳು ಅತ್ತಿಗೆಗೆ. ಸಿದ್ದಪ್ಪ ಅಳುತ್ತಲೇ ಬೈಯುತ್ತಿದ್ದ, ನನ್ನನ್ನು. ನಾನೂ ಅತ್ತೆ. ಅಷ್ಟು ರುಚಿಯಾದ ಊಟ ನಾನು ಉಂಡದ್ದಿಲ್ಲ.

ನಿನ್ನೆ ಮತ್ತೆ ಸ್ಕ್ಯಾನಿಗೆ ಹೊರಟಿದ್ದೆವು. ಅಂಕಲಗಿ ದಾಟಿದ ಮೇಲೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸೆಂದಳು. ಬೆಳಿಗ್ಗೆ ಎದ್ದು ತಾನೇ ಬುತ್ತಿ ಕಟ್ಟಿದ್ದಳು. ವರದಿ ಬಂದ ಮೇಲೆ ಉಣ್ಣೋಣ ಎಂದೆ, ಅಂಜುತ್ತ.

"ವರದಿಗಿ ಹಸಿವಿಲ್ಲರಿ, ನನಗೈತಿ."

ರೊಟ್ಟಿ ಮುರಿದುಕೊಂಡು, ನನ್ನ ಹಳೆಯ ಸಿದ್ಧಾಂತವನ್ನು ಕೊನೆಗೂ ಧೈರ್ಯವಾಗಿ ಮಂಡಿಸಿದೆ. ಅವಳು ಗಂಟಿನ ಮೂಲೆ ಬಿಡಿಸಿದಳು. ಅದರಲ್ಲಿ ಗೋಕಾಕದ ಸಿಹಿ, ಕರದಂಟಿನ ಎರಡು ತುಂಡುಗಳಿದ್ದವು.