ಹಗೇವಿನೊಳಗಿನ ಬೆಳಕು

ಕುಪ್ಪೇಲೂರಿನ ಆಚೆಗಿರುವ ನಮ್ಮೂರಿನಲ್ಲಿ ಆ ವರ್ಷ ಮನೆಮನೆಗೂ ಪಾಯಖಾನೆ ಕಟ್ಟಿಸುವ ಹುಮ್ಮಸ್ಸು. ನಳ ಬಂದಿತ್ತು, ಗ್ಯಾಸು ಬಂದಿತ್ತು, ಕಂದೀಲು ಅಟ್ಟ ಸೇರಿತ್ತು. ಉಳಿದದ್ದು ಇದೊಂದೇ. ನಮ್ಮ ಕಾಕಾನ ಸೊಸೆ ಬ್ಯಾಡಗಿಯ ತವರಿನಿಂದ ಕೂಸನ್ನೆತ್ತಿಕೊಂಡು ಬರುವವಳಿದ್ದಳು. ಬಾಣಂತಿ ಚರಿಗೆ ಹಿಡಿದು ಬಯಲಿಗೆ ಹೋಗಬಾರದು ಎಂಬುದು ಕಾಕಾನ ಹಟ.

ಗೋಡೆಯೇನೋ ಎದ್ದಿತು, ಗುಂಡಿ ಮಾತ್ರ ಆಗಲಿಲ್ಲ. ತೋಡಿದಷ್ಟೂ ಎರೆಮಣ್ಣು ಕುಸಿದು ಮುಚ್ಚುತ್ತಿತ್ತು. ಆಗ ನೆನಪಾದದ್ದು ಹಿತ್ತಲಿನ ಹಗೇವು. ಜೋಳ ತುಂಬಿಡಲೆಂದು ಹಿರಿಯರು ನೆಲದೊಳಗೆ ತೋಡಿ ಕಲ್ಲು ಕಟ್ಟಿದ ಕಣಜ ಅದು. ಮೇಲೆ ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಅಗಲ. ಎಷ್ಟೋ ವರ್ಷಗಳಿಂದ ಯಾರೂ ತೆರೆದಿರಲಿಲ್ಲ. ತಳದ ಕೊಳೆತ ಹುಲ್ಲು, ಹೊಟ್ಟು ತೆಗೆದುಬಿಟ್ಟರೆ ಗುಂಡಿ ತಯಾರು.

ಎದುರುಮನೆಯ ಅಣ್ಣನಿಗೂ ಈ ಉಪಾಯ ಹಿಡಿಸಿತು. ಅವರ ಮನೆಯಲ್ಲೂ ಹಗೇವಿತ್ತು. ಮುಂಜಾನೆಯೇ ಬಂದು ನಮ್ಮ ಏಣಿ ಹೊತ್ತುಕೊಂಡ.

"ನಿಮ್ಮದಕಿಂತ ಮೊದಲ ನಮ್ಮದ ಉದ್ಘಾಟನಾ ಮಾಡತೇನಿ, ನೋಡ್ರಿ," ಎಂದು ನಗುತ್ತ ಹೋದ.

ಏಣಿ ಇಲ್ಲದ್ದಕ್ಕೆ ಕಾಕಾ ಸೊಂಟಕ್ಕೆ ಹಗ್ಗ ಬಿಗಿದ. ಬಾಯಿಯ ಬಂಡೆ ಸರಿಸಿದಾಗ ಹುಳಿಹುಳಿ ವಾಸನೆ ಬಂತು, ಆಮೇಲೆ ಅದೂ ಇಲ್ಲ. ಮೊಬೈಲಿನ ಟಾರ್ಚು ಬಿಟ್ಟು ನೋಡಿದ. ತಳ ಕಾಣಿಸಿತು. ಇನ್ನೇನು ಕಾಲಿಳಿಸಬೇಕು, ಅವನ ತಾಯಿ, ನಮ್ಮ ಅಜ್ಜಿ, ಬಂದವಳೇ ಹಗೇವಿನ ಬಾಯಿಗೆ ಅಡ್ಡ ಕುಳಿತುಬಿಟ್ಟಳು. ಹಿಂದೆ ಹಗೇವು ತೆಗೆದರೆ ದಿನವಿಡೀ ಬಾಯಿ ತೆರೆದೇ ಬಿಡುತ್ತಿದ್ದರಂತೆ. ಆಮೇಲೆ ದೀಪ ಇಳಿಸುವುದು. ಅದು ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಇದನ್ನೆಲ್ಲ ಬೈಗುಳ ಬೆರೆಸಿಯೇ ನೆನಪಿಸಿದಳು.

"ಇದೂ ದೀಪನ ಅಲ್ಲೇನಬೇ?" ಕಾಕಾ ಮೊಬೈಲು ತೋರಿಸಿದ.

ಅಜ್ಜಿ ಏಳಲಿಲ್ಲ. ಕಂದೀಲಿಗೆ ಚಿಮಣಿ ಎಣ್ಣೆ ಎಲ್ಲಿಂದ ತರುವುದು? ಕೊನೆಗೆ ದೇವರ ಜಗಲಿಯಿಂದ ಹಣತೆ ನಾನೇ ತಂದೆ. ಕಾಕಾ ಚೇಷ್ಟೆಗೆ ಮೊಬೈಲನ್ನೂ ಅದರ ಪಕ್ಕ ಬಕೆಟ್ಟಿನಲ್ಲಿಟ್ಟು, ಎರಡನ್ನೂ ಕೂಡಿಯೇ ಇನ್ನೊಂದು ಹಗ್ಗದಿಂದ ಇಳಿಸಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಹಣತೆ ಕುಗ್ಗಿತು. ಗಾಳಿಯ ಸುಳಿವೇ ಇರಲಿಲ್ಲ. ನಂದಿತು. ಮೊಬೈಲು ಉರಿಯುತ್ತಲೇ ಕೆಳಗಿಳಿಯಿತು.

"ಬೆಳಕ ಇನ್ನೂ ಐತಲ್ಲ," ಎಂದ ಕಾಕಾ. ದನಿಯಲ್ಲಿ ಮೊದಲಿನ ಚೇಷ್ಟೆ ಇರಲಿಲ್ಲ.

"ಅದಕ್ಕ ಉಸರು ಬೇಕಾಗಂಗಿಲ್ಲೋ, ಮಗನ. ನಿನಗ ಬೇಕು."

ಕಾಕಾ ಬಕೆಟ್ಟು ಮೇಲೆಳೆಯತೊಡಗಿದ. ನಡುವೆಯೇ ಅವನ ಕೈ ನಿಂತಿತು. ಎದುರುಮನೆಯತ್ತ ತಿರುಗಿದ. ಬಕೆಟ್ಟನ್ನು ಅಲ್ಲೇ ಕೈಬಿಟ್ಟು, ಸೊಂಟದ ಹಗ್ಗವನ್ನೂ ಬಿಚ್ಚದೆ ಓಡಿದ. ಅವನ ಹಿಂದೆ ನಾವು.

ಅವರ ಹಿತ್ತಲಿನಲ್ಲಿ ಬಂಡೆ ಸರಿದಿತ್ತು. ನಮ್ಮ ಏಣಿಯ ತುದಿ ಹಗೇವಿನ ಬಾಯಿಂದ ಮೇಲೆ ಕಾಣುತ್ತಿತ್ತು. ಪಕ್ಕದಲ್ಲಿ ಅಣ್ಣನ ಚಪ್ಪಲಿ. ಕಾಕಾ ಬಗ್ಗಿ ಅವನ ಹೆಸರು ಹಿಡಿದು ಕೂಗಿದ. ಮತ್ತೆ ಕೂಗಿದ.

ತಳದಲ್ಲಿ ಅಣ್ಣನ ಮೊಬೈಲಿನ ಬೆಳಕು ನಿಚ್ಚಳವಾಗಿ ಉರಿಯುತ್ತಿತ್ತು.