ಸಿಪ್ಪೆಯ ತೂಕ

ಅಮ್ಮತ್ತಿಯಲ್ಲಿ ನಮ್ಮ ನೆರೆಮನೆಯವರು ಕಿತ್ತಳೆ ಬೆಳೆಯುತ್ತಿದ್ದರು. ಏನೇ ಕೊಡಿ, ಮೊದಲು ಅಂಗೈಯಲ್ಲಿಟ್ಟು ತೂಗುವರು. “ಬಣ್ಣ ಇರ್ಲಿ ಮಾರಾಯ್ರೆ, ತೂಕ ನೋಡಿ” ಎನ್ನುವರು. ನಮ್ಮ ಕಡೆಯ ಕಿತ್ತಳೆಯ ಸಿಪ್ಪೆ ಸಡಿಲ. ತೊಳೆಗಳನ್ನೆಲ್ಲ ತಾವು ತಿಂದು, ಸಿಪ್ಪೆಯನ್ನು ಮತ್ತೆ ಹಣ್ಣಿನಂತೆ ಮುಚ್ಚಿ, ಬಂದವರ ಮುಂದಿಡುವುದು ಅವರ ಚಾಳಿ.

ಆಗ ಒಬ್ಬ ಬಿಳಿಯನ ಕಂಪೆನಿಗೆ ಕಿತ್ತಳೆ ರಸದ ಕಾರ್ಖಾನೆ ನಡೆಸಲೆಂದು ಸರ್ಕಾರ ನಮ್ಮ ಕಂದಾಯದಿಂದ ಹಣ ಕೊಟ್ಟಿತ್ತು. ಮೂರು ವರ್ಷದಲ್ಲಿ ಮ್ಯಾನೇಜರನಿಗೆ ಬಂಗಲೆ ಎದ್ದಿತು, ಟೆನಿಸ್ ಆಡಲು ಅಂಗಳ ಸಿದ್ಧವಾಯಿತು, ಗೇಟಿಗೆ ದೊಡ್ಡ ಬೋರ್ಡೂ ಬಂತು. ಪಾಪ, ರಸಕ್ಕೆ ಮಾತ್ರ ಪುರುಸೊತ್ತಾಗಿರಲಿಲ್ಲ. ಊರವರ ಗಲಾಟೆ ಹೆಚ್ಚಾದಾಗ ಮಡಿಕೇರಿಯಿಂದ ಸಾಹೇಬರೊಬ್ಬರು ತನಿಖೆಗೆ ಬಂದರು. ಬೋರ್ಡಿನ ಬಣ್ಣವನ್ನು ಬಾಯ್ತುಂಬ ಹೊಗಳಿ, ಬೆಳೆಗಾರರ ಅಭಿಪ್ರಾಯ ಕೇಳಿದರು.

ನೆರೆಮನೆಯವರು ಎದ್ದು ಸಾಹೇಬರ ಅಂಗೈಯಲ್ಲಿ ಒಂದು ಕಿತ್ತಳೆ ಇಟ್ಟರು.

“ಇದೇ ಆ ಕಾರ್ಖಾನೆ, ದೊರೆ. ತೂಕ ನೋಡಿ.”

ಸಾಹೇಬರು ಹಿಡಿದದ್ದೇ ತಡ, ಬರೀ ಸಿಪ್ಪೆ ಮುದುಡಿತು. ಊರೆಲ್ಲ ನಕ್ಕಿತು. ಸಾಹೇಬರೂ ನಕ್ಕರು.

ತಿಂಗಳ ಮೇಲೆ ವರದಿಯ ಪ್ರತಿ ಊರಿಗೆ ಬಂತು. ಬೆಳೆಗಾರರು ತೃಪ್ತರಾಗಿದ್ದಾರೆ, ಹಣ್ಣು ಕೊಟ್ಟು ಸತ್ಕರಿಸಿದರು, ಧನಸಹಾಯ ಮುಂದುವರಿಯಲಿ ಎಂದಿತ್ತು. ನಾನೇ ಓದಿ ಹೇಳಿದೆ. ನೆರೆಮನೆಯವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಗೈಯಲ್ಲಿಟ್ಟು ತೂಗಿದರು.