ಸದ್ದಿಲ್ಲದ ಗೂಡಿನ ಬಾಗಿಲು

ಬಡಗಿಗೆ ಬೀದಿಯವರು ಬೆನ್ನ ಹಿಂದೆ ಇಟ್ಟ ಹೆಸರು ‘ದೊರೆ’. ಯಾರಾದರೂ ಹಿಂದಿನಿಂದ ನಮಸ್ಕಾರ ಹೇಳಿದರೆ ತಿರುಗಿಯೂ ನೋಡದೆ ನಡೆದುಬಿಡುತ್ತಿದ್ದ. ಎದುರಿಗೆ ಸಿಕ್ಕರೆ ಮಾತ್ರ ಮುಖದ ತುಂಬ ನಗು. ಜಂಬ ಎಂದರು ಕೆಲವರು, ಅರಳುಮರಳು ಎಂದರು ಉಳಿದವರು. ನಿಜ ಗೊತ್ತಿದ್ದದ್ದು ಹೆಂಡತಿಗೆ. ಹುಡುಗನಾಗಿದ್ದಾಗ ಅಪ್ಪನ ಜೊತೆ ಗರಗಸದ ಮೆಷಿನ್ ಪಕ್ಕ ನಿಂತವನು ಇವತ್ತಿಗೂ ಅಲ್ಲೇ ನಿಂತಿದ್ದ. ಬಡಾವಣೆಯ ಅರ್ಧಕ್ಕರ್ಧ ಬಾಗಿಲುಗಳು ಅವನ ಕೈಕೆಲಸ. ಅವನ್ನೆಲ್ಲ ಮಾಡುತ್ತ ಮಾಡುತ್ತ ಕಿವಿ ಮಂದವಾಗಿತ್ತು.

“ನನ್ನ ಕಿವಿಗೇನೂ ಆಗಿಲ್ಲ. ಜನ ಈಗ ಬಾಯೊಳಗೇ ಮಾತಾಡ್ತಾರೆ” ಎನ್ನುತ್ತಿದ್ದ.

ಮಾತಿಗಷ್ಟೇ ತೊಡಕಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಮರದ ಗಂಟಿಗೆ ತಾಗಿದಾಗ ಗರಗಸದ ದನಿ ಬದಲಾಗುತ್ತದೆ. ಅದನ್ನು ಕಿವಿಯಲ್ಲಿ ಹಿಡಿದು ಹಲಗೆ ತಳ್ಳುವುದನ್ನು ನಿಧಾನ ಮಾಡಬೇಕು. ಅದು ಕೇಳದೆ ಅವನ ಹಲಗೆಗಳ ಅಂಚು ಸುಟ್ಟು ಕಪ್ಪಾಗತೊಡಗಿದವು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು.

“ಮರಾನೇ ಸರಿ ಇಲ್ಲ ಕಣೇ.”

“ಹೂಂ ರೀ, ಲೋಕದ ಮರಗಳೆಲ್ಲ ಸೇರ್ಕೊಂಡು ನಿಮ್ಮ ಮೇಲೆ ಸಂಚು ಮಾಡಿವೆ!” ಹೆಂಡತಿ ಅವನ ಮುಖದೆದುರು ಬಂದು ನಿಂತು, ತುಟಿ ಕಾಣುವಂತೆ ಬಿಡಿಸಿ ಹೇಳಿದಳು. “ಇನ್ನೊಂದು ಕೆಲಸ ಕೆಟ್ಟರೆ ಅಂಗಡಿ ಮುಚ್ಚಿಸ್ತೀನಿ. ಆ ಗರಗಸ ನಿಮ್ಮ ಬೆರಳು ತಿನ್ನೋವರೆಗೂ ನಾನು ಕಾಯಲ್ಲ.”

ಅದು ಅವನಿಗೆ ಚೆನ್ನಾಗಿಯೇ ಕೇಳಿಸಿತು.

ಅದೇ ವಾರ ಚರ್ಚಿನ ಪಾದ್ರಿ ಅಂಗಡಿಗೆ ಬಂದರು. ಜೊತೆಗೆ ವಿಶ್ವವಿದ್ಯಾಲಯದ ಶ್ರವಣ ವಿಭಾಗದ ಪ್ರಾಧ್ಯಾಪಕಿ. ಅವರ ವಿಭಾಗದಲ್ಲಿ ಕಿವಿ ಪರೀಕ್ಷೆ ಪುಕ್ಕಟೆ. ಆದರೂ ಅಲ್ಲಿನ ದೊಡ್ಡ ಗೇಟು ಕಂಡೇ ಬಡಾವಣೆಯವರು ಹಿಂದಕ್ಕೆ ಹೋಗುತ್ತಿದ್ದರು. ಚರ್ಚಿನ ಸಭಾಂಗಣಕ್ಕಾದರೆ ಹೊಲಿಗೆ ಕಲಿಯಲು, ಮಕ್ಕಳ ಪಾಠಕ್ಕೆ ಎಂದು ಎಲ್ಲ ಬಗೆಯ ಜನರೂ ಬರುತ್ತಿದ್ದರು. ಜನ ಇದ್ದಲ್ಲಿಗೆ ವಿದ್ಯೆ ಹೋಗಲಿ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಒಂದೇ ಅಡ್ಡಿ. ಸಭಾಂಗಣ ಬಸ್ ರಸ್ತೆಗೆ ಅಂಟಿಕೊಂಡಿತ್ತು, ಅತಿ ಸಣ್ಣ ಸದ್ದು ಕೇಳಿಸುವ ಪರೀಕ್ಷೆಗೆ ನಿಶ್ಶಬ್ದದ ಜಾಗ ಬೇಕು.

“ಉಗ್ರಾಣದಲ್ಲಿ ಹಳೇ ಪಾಪನಿವೇದನೆಯ ಗೂಡಿದೆ, ಮೇಸ್ತ್ರಿ” ಎಂದರು ಪಾದ್ರಿ. ಜನ ತಮ್ಮ ತಪ್ಪುಗಳನ್ನು ಪಾದ್ರಿಯ ಕಿವಿಗೆ ಒಪ್ಪಿಸುವ ಮರದ ಗೂಡು ಅದು; ಹೊಸದು ಬಂದ ಮೇಲೆ ಮೂಲೆ ಸೇರಿತ್ತು. “ಅದರೊಳಗೆ ಹೊರಗಿನ ಸದ್ದು ಬರದ ಹಾಗೆ ಮಾಡಕ್ಕಾಗುತ್ತಾ?”

ಬಡಗಿ ಅವರೊಂದಿಗೆ ಉಗ್ರಾಣಕ್ಕೆ ಹೋಗಿ, ಗೂಡಿನ ಸುತ್ತ ನಡೆದು, ಬೆರಳ ಗೆಣ್ಣಿನಿಂದ ತಟ್ಟಿ, ಅಂಗೈಯಲ್ಲಿ ಅದುರು ನೋಡಿದ. “ಆಗುತ್ತೆ” ಎಂದ. ಇದೊಂದು ಸರಿಯಾದರೆ ಅಂಗಡಿ ಉಳಿಯಿತು ಎಂದು ಮನಸ್ಸು ಹೇಳಿತು.

ಗೋಡೆಯೊಳಗೆ ಗೋಡೆ, ನಡುವೆ ಗಾಳಿಯ ಸಂದು. ಒಂದು ಮೊಳೆ ಎರಡನ್ನೂ ಮುಟ್ಟಿದರೂ ಸದ್ದು ಅದರ ಮೂಲಕವೇ ದಾಟುತ್ತದೆ ಎಂದು ಪ್ರಾಧ್ಯಾಪಕಿ ಚಿತ್ರ ಬರೆದು ತೋರಿಸಿದರು. ಇದು ಅವನಿಗೆ ಹೊಸ ಪಾಠ. ಬಾಗಿಲಿನ ರಬ್ಬರ್ ಪಟ್ಟಿಯನ್ನು ಬರೀ ಅಂಟಿಸಿದರೆ ಸಾಲದು, ಚೌಕಟ್ಟನ್ನು ಓರೆ ಮಾಡಿದರೆ ಮುಚ್ಚಿದಷ್ಟೂ ಬಿಗಿಯುತ್ತದೆ ಎಂದು ಅವನು ತೋರಿಸಿದ. ಅದು ಪ್ರಾಧ್ಯಾಪಕಿಯ ಜೊತೆ ಕೆಲಸಕ್ಕೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ ಹೊಸ ಪಾಠ. ಮೆಷಿನ್ ಮುಟ್ಟಲೇ ಇಲ್ಲ. ಪ್ರತಿ ಹಲಗೆಯನ್ನೂ ಕೈಗರಗಸದಲ್ಲಿ ಕೊಯ್ದ. ಯಾಕೆಂದು ಯಾರೂ ಕೇಳಲಿಲ್ಲ.

ಅಳತೆಯ ದಿನ ಸದ್ದು ಅಳೆಯುವ ಮೀಟರನ್ನು ಗೂಡಿನೊಳಗಿಟ್ಟು ಬಾಗಿಲು ಮುಚ್ಚಿದರು. ಮೂವತ್ತೈದು ಡೆಸಿಬಲ್ ಮೀರಬಾರದು. ಹೊರಗೆ ಬಸ್ಸೊಂದು ಅಬ್ಬರಿಸಿಕೊಂಡು ಹೋಯಿತು. ಪುಟ್ಟ ಗಾಜಿನ ಕಿಟಕಿಯಿಂದ ಇಣುಕಿದ ವಿದ್ಯಾರ್ಥಿನಿ ಕುಣಿದುಬಿಟ್ಟಳು: “ಮೂವತ್ತಮೂರು!”

ಬಡಗಿ ಹಿಗ್ಗಿ, ಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚಿದ. “ನೋಡಿ ಮೇಡಂ, ಬೆಣ್ಣೆ ಥರ ಜಾರುತ್ತೆ.”

ಬಾಗಿಲ ಕೀಲು ಪ್ರತಿಸಲವೂ ಕಿರ್‍ರೆಂದು ಕಿರುಚಿತು. ವಿದ್ಯಾರ್ಥಿಗಳು ನೆಲ ನೋಡಿದರು. ಪ್ರಾಧ್ಯಾಪಕಿ ನೋಡಿದ್ದು ಬಡಗಿಯ ಮುಖವನ್ನು.

“ಮೊದಲ ಪರೀಕ್ಷೆ ನಿಮ್ಮದೇ ಆಗಲಿ, ಮೇಸ್ತ್ರಿ.”

“ನನ್ನ ಕಿವಿ ಚೆನ್ನಾಗಿದೆ ಮೇಡಂ.”

“ಚೆನ್ನಾಗಿದ್ರೆ ಕೂತ್ಕೊಳ್ಳೋಕೇನು ನೋವು?” ಎಂದಳು ಅಳತೆ ನೋಡಲು ಬಂದಿದ್ದ ಹೆಂಡತಿ.

ಕೂತ. ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಲು ಹೇಳಿದರು. ಮೊದಮೊದಲು ದಪ್ಪ ದನಿಗಳು ಕೇಳಿದವು, ಒತ್ತಿದ. ಆಮೇಲೆ ಏನೂ ಇಲ್ಲ. ಕಿಟಕಿಯಾಚೆ ಸದ್ದು ಕಳಿಸುವ ಗುಂಡಿ ಒತ್ತುತ್ತಿದ್ದ ವಿದ್ಯಾರ್ಥಿನಿಯ ಭುಜ ಪ್ರತಿ ಸದ್ದಿಗೂ ಕೊಂಚ ಅಲುಗುವುದು ಕಾಣುತ್ತಿತ್ತು. ಅದನ್ನೇ ನೋಡಿ ಒತ್ತಿದರೆ ಮುಗಿಯಿತು. ಕಿವಿ ಚೆನ್ನಾಗಿದೆ ಎಂದು ಹೆಂಡತಿಯ ಎದುರಿಗೇ ಸಾಬೀತಾಗುತ್ತಿತ್ತು. ಬೆರಳು ಬಟನ್ ಮೇಲೇ ಇತ್ತು. ಆದರೆ ಅಳತೆಗೆ ಒಂದು ಕೂದಲೆಳೆಯೂ ತಪ್ಪದಂತೆ ಕಟ್ಟಿದ ಗೂಡಿನೊಳಗೆ ಕೂತು ಅಳತೆಯನ್ನೇ ಸುಳ್ಳು ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ಕಣ್ಣು ಮುಚ್ಚಿಕೊಂಡ. ಬೆರಳು ಸುಮ್ಮನಾಯಿತು.

ಹೊರಗೆ ಬಂದವನು ಹೆಂಡತಿಯ ಕಡೆ ನೋಡದೆ ಕೇಳಿದ, “ಮೇಡಂ, ಗರಗಸದ ದನಿ ನನಗೆ ಮತ್ತೆ ಕೇಳಿಸುತ್ತಾ?”

“ಕೇಳಿಸುತ್ತೆ. ಕಿವಿಗೊಂದು ಪುಟ್ಟ ಯಂತ್ರ ಹಾಕೋಣ. ಮೆಷಿನ್ ಮುಂದೆ ನಿಂತಾಗ ಅದರ ಮೇಲೆ ಕಿವಿಮುಚ್ಚಳ, ಮರೆಯೋ ಹಾಗಿಲ್ಲ.”

ಪರೀಕ್ಷಾ ಕೇಂದ್ರ ಶುರುವಾದ ಭಾನುವಾರ ಸಾಲು ರಸ್ತೆಯವರೆಗೂ ಇತ್ತು. ಕಿವಿಗೆ ಹೊಸ ಯಂತ್ರ ಸಿಕ್ಕಿಸಿಕೊಂಡ ಬಡಗಿಯೇ ಬಾಗಿಲು ತೆರೆಯಬೇಕೆಂದು ಪಾದ್ರಿ ಹೇಳಿದರು. ತೆರೆದ. ಕಿರ್‍ರ್!

ಅವನು ಚೇಳು ಕುಟುಕಿದವನಂತೆ ಕೈ ಹಿಂದಕ್ಕೆಳೆದ. “ಇದು ಯಾವಾಗಿಂದ ಹೀಗೆ?”

“ಹುಟ್ಟಿದಾಗಿಂದ” ಎಂದಳು ಹೆಂಡತಿ.

“ಒಬ್ಬರಾದ್ರೂ ಬಾಯಿ ಬಿಡಬಾರದಿತ್ತಾ?”

“ಬಾಗಿಲೇ ಬಾಯಿ ಬಿಟ್ಟು ಹೇಳ್ತಿತ್ತಲ್ಲ ಅಜ್ಜ” ಎಂದಳು ವಿದ್ಯಾರ್ಥಿನಿ. ನಗು ಸಾಲಿನ ಕೊನೆಯವರೆಗೂ ಹರಿಯಿತು. ಬಡಗಿ ಮಾತ್ರ ನಗಲಿಲ್ಲ. ಎಣ್ಣೆ ತರಿಸಿ, ಕೀಲಿಗೆ ಹನಿಸಿ, ಕಿವಿಯನ್ನು ಹತ್ತಿರ ಹಿಡಿದು ಬಾಗಿಲು ಆಡಿಸಿ, ಸದ್ದು ಪೂರ್ತಿ ಸತ್ತ ಮೇಲೆಯೇ ಮೊದಲ ಅಜ್ಜಿಯನ್ನು ಒಳಗೆ ಬಿಟ್ಟ.

ಸಂಜೆಯೊಳಗೆ ಪಾದ್ರಿಗೂ ಒಂದು ಪಾಠವಾಯಿತು. ಚರ್ಚಿನ ಹಿಂದಿನ ಬೆಂಚುಗಳವರಲ್ಲಿ ಹೆಚ್ಚಿನವರಿಗೆ ಕಿವಿ ಮಂದ.

“ಮತ್ತೆ ನನ್ನ ಪ್ರಸಂಗಕ್ಕೆ ತಲೆ ಆಡಿಸ್ತಿದ್ರಲ್ಲ, ಅಜ್ಜಿ?”

“ನಿಮಗೆ ಬೇಜಾರಾಗಬಾರದು ಅಂತ, ಫಾದರ್.”

ಮರುವಾರವೇ ಪಾದ್ರಿ ಆ ಬೆಂಚುಗಳನ್ನು ಮುಂದಕ್ಕೆ ತರಿಸಿದರು. ಎತ್ತಿಟ್ಟವರು ವಿದ್ಯಾರ್ಥಿಗಳು.

ಇತ್ತ ಅಂಗಡಿಯಲ್ಲಿ ಮೆಷಿನ್ ಮತ್ತೆ ತಿರುಗಿತು. ಹೆಂಡತಿ ಸುಟ್ಟ ವಾಸನೆಗೆ ಮೂಗು ಚಾಚಿ ಬಾಗಿಲಲ್ಲೇ ನಿಂತಿದ್ದಳು. ನಡುವೆ ಗರಗಸದ ದನಿ ಕೊಂಚ ಬಿಗಿಯಾಯಿತು. ಬಡಗಿಯ ಕೈ ತಾನಾಗಿ ನಿಧಾನವಾಯಿತು. ಹಲಗೆ ಎರಡಾಗಿ ಬಿತ್ತು, ಅಂಚು ಹಾಲಿನಂತೆ ಬಿಳುಪು. ಅವನು ಅದನ್ನೆತ್ತಿ ಹೆಂಡತಿಯ ಮೂಗಿಗೇ ಹಿಡಿದ.

“ಮರ ಸರಿ ಹೋಗಿದೆ” ಎಂದಳು ಅವಳು, ನಗು ತಡೆದುಕೊಂಡು.

ಅವನು ಮೆಷಿನ್ ನಿಲ್ಲಿಸಿ, ಕಿವಿಮುಚ್ಚಳ ತೆಗೆದಿಟ್ಟು, ಹಲಗೆ ಹೊತ್ತು ಬೀದಿಗಿಳಿದ. ಬೆನ್ನ ಹಿಂದೆ ಯಾರೋ ಅಭ್ಯಾಸಬಲದಿಂದ ಮೆಲ್ಲಗೆ ಅಂದರು, “ಹೊರಟ್ರು ನೋಡಪ್ಪಾ ದೊರೆಗಳು.”

ಬಡಗಿ ಗಕ್ಕನೆ ತಿರುಗಿದ.

“ಯಾರೋ ಅದು ದೊರೆ ಅಂದಿದ್ದು?”